ಸ್ಲಗ್ ಲೆಕ್ಕ, ಮೂರನೇ ವಾರ: ಬಣ್ಣ ನಂಬಿ ಕೆಟ್ಟೆ

ಹೋದ ಎರಡು ವಾರ ಬರೆದಿದ್ದರಲ್ಲಿ ಅರ್ಧ ಹೊಡೆದು ಹಾಕಬೇಕು. ಗಂಗಾವತಿಯ ನಮ್ಮ ಹಿತ್ತಲಲ್ಲಿ ನಾಲ್ಕು ಬಗೆ ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು, ಇವೆ ಅಂದಿದ್ದೆ. ಈಗ ಎರಡಕ್ಕೆ ಇಳಿದಿದೆ.

ತಪ್ಪಾಗಿದ್ದು ಬಣ್ಣದಿಂದ. ಕರಿದು, ಬೂದು, ಸಣ್ಣ ಕಂದು, ಪಟ್ಟೆಯದು ಅಂತ ಸುಮ್ನೆ ಬರೆದುಕೊಂಡಿದ್ದೆ. ಮೊನ್ನೆ ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ಬಚ್ಚಲ ನೀರು ಹೋಗುವ ಬಾಳೆ ಬುಡಕ್ಕೆ ಹೋದೆ, ಕರಿದನ್ನೂ ಬೂದನ್ನೂ ಚಮಚದಲ್ಲಿ ಎತ್ತಿ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿ, ಅವು ಗಾಜು ಹತ್ತುವ ತನಕ ಕಾದೆ. (ಬರಿಗೈಲಿ ಮುಟ್ಟಬೇಡಿ, ಇಲಿಯಿಂದ ಬರುವ ಶ್ವಾಸಕೋಶದ ಜಂತಿನ ಮರಿ ಇವುಗಳ ಮೈಯಲ್ಲಿ ಇರಬಹುದು, ಅದು ಮನುಷ್ಯರ ಮಿದುಳಿಗೂ ಹೋಗುತ್ತದೆ.) ಕೆಳಗಿನಿಂದ ನೋಡಿದರೆ ಎರಡರದ್ದೂ ಒಂದೇ ಕಥೆ: ನಡೆಯುವ ಪಾದ ನಡುವೆ ಒಂದು ಸಣ್ಣ ಪಟ್ಟಿಯಷ್ಟೇ, ಅದರ ಎರಡೂ ಬದಿ ಬೆನ್ನಿನ ಚರ್ಮವೇ ಮಡಚಿಕೊಂಡಿದೆ. ಬೆನ್ನ ಮೇಲೆ ಉದ್ದಕ್ಕೂ ತಿಳಿ ಗೆರೆ. ಬಲಗಡೆ ಉಸಿರಾಟದ ತೂತಿಲ್ಲ, ಅದು ಹಿಂದೆ, ಬಾಲದ ಕಡೆ. ಇದು ಲೇವಿಕಾಲಿಸ್ ಆಲ್ಟೆ, ಆಫ್ರಿಕಾದ ಮೂಲದ್ದು. ಒದ್ದೆಯಾದಾಗ ಕಪ್ಪು, ಮೈ ಒಣಗಿದಾಗ ಬೂದು, ಅಷ್ಟೇ!

ಸಣ್ಣ ಕಂದು ನಿಜಕ್ಕೂ ಬೇರೆ. ಅದರ ಬೆನ್ನಿನ ಮುಂದಿನ ಭಾಗಕ್ಕೆ ಮಾತ್ರ ಹೆಗಲಿಗೆ ಟವೆಲ್ ಹಾಕಿದ ಹಾಗೆ ಒಂದು ಹೊದಿಕೆ, ಅದರ ಬಲ ಅಂಚಲ್ಲಿ ತೂತು ತೆರೆದು ಮುಚ್ಚುತ್ತಾ ಇತ್ತು. ಇದನ್ನು ನೋಡುತ್ತಾ ಅರ್ಧ ಗಂಟೆ ಕೂತೆ. ಒಳಗಿಂದ ಅವ್ವ, "ರೊಟ್ಟಿ ಆರಾಕ್ಹತ್ತಾವು, ಆ ಹುಳ ಬಿಟ್ಟು ಬಾರೋ" ಅಂತ ಕೂಗಿದಳು. ಹೆಸರು ಹಾಕಿಲ್ಲ. ಇಂಥವನ್ನು ಖಚಿತ ಮಾಡಲು ಎಷ್ಟೋ ಸಲ ಕೊಯ್ದು ಒಳಗಿನ ಅಂಗ ನೋಡಬೇಕು, ಅದು ನನ್ನಿಂದ ಆಗದ ಕೆಲಸ.

ಇನ್ನು ಪಟ್ಟೆಯದು. ಅದು ಸ್ಲಗ್ಗೇ ಅಲ್ಲ! ಸ್ಲಗ್ಗಿಗೆ ನಾಲ್ಕು ಕೊಂಬು, ಮೇಲಿನ ಎರಡರ ತುದಿಯಲ್ಲಿ ಕಣ್ಣು. ಇದಕ್ಕೆ ಒಂದೂ ಇಲ್ಲ, ತಲೆ ಅರ್ಧಚಂದ್ರದ ಹಾಗೆ. ಎರೆಹುಳು ತಿನ್ನುವ ಚಪ್ಪಟೆ ಹುಳು, ಬೈಪಾಲಿಯಮ್ ಗುಂಪಿನದು. ಈ ಗುಂಪಿನ ಒಂದು ಹುಳು ಲಂಡನ್ನಿನ ಕ್ಯೂ ತೋಟದ ಗಾಜಿನ ಮನೆಯಲ್ಲಿ ಸಿಕ್ಕಿತ್ತು, 1878ರಲ್ಲಿ ಅದಕ್ಕೆ ಆ ತೋಟದ ಹೆಸರನ್ನೇ ಸೇರಿಸಿ ಬೈಪಾಲಿಯಮ್ ಕ್ಯೂವೆನ್ಸೆ ಅಂತ ಇಟ್ಟರು. ನಮ್ಮ ಪಟ್ಟೆಯದು ಹೂಕುಂಡದ ಅಡಿ ಸಿಕ್ಕಿತು.

ನಮ್ಮ ಕಡೆಯ ಒಣ ನೆಲದಲ್ಲಿ ಇವು ಕಾಣುವುದೇ ಮಳೆಗಾಲದ ಕೆಲವು ರಾತ್ರಿ. ಮುಂದಿನ ವಾರ ಆನೆಗೊಂದಿಯ ಗೆಳೆಯನ ಬಾಳೆ ತೋಟಕ್ಕೆ ಹೋಗುತ್ತೇನೆ, ಈ ಸಲ ಬಾಟಲಿ ನಾಲ್ಕು.