ಮನೆಗೆ ರಾಟ್‌ವೀಲರ್ ತರುವ ಮುಂಚೆ

ರಾಟ್‌ವೀಲರ್ ನಾಯಿ ತರೋಣ ಅಂತ ಮನೆಯಲ್ಲಿ ಮಾತು ಬಂದಾಗ ಮೊದಲು ಕೇಳಬೇಕಾದ್ದು ಒಂದೇ: ದಿನಾ ಸಂಜೆ ಅದರ ಹಗ್ಗ ಹಿಡಿಯೋದು ಯಾರು? ಮರಿ ಆರಿಸಿ ತರುವವನು ಮಗ. ಸೋಮವಾರ ಬೆಳಗ್ಗೆ ಅವನು ಬೆಂಗಳೂರಿನ ರೈಲು ಹತ್ತುತ್ತಾನೆ, ಹಗ್ಗ ಅಮ್ಮನ ಕೈಗೆ ಬರುತ್ತದೆ. ಗಂಡು ರಾಟ್‌ವೀಲರ್ ಬೆಳೆದರೆ ಸುಮಾರು 50 ಕೆಜಿ. ಡಾಬರ್‌ಮನ್ ಗಂಡು 40ರಿಂದ 45, ಜರ್ಮನ್ ಶೆಫರ್ಡ್ 30ರಿಂದ 40, ಬಾಕ್ಸರ್ 30ರ ಮೇಲೆ. ಎದುರಿಗೆ ಬೀದಿನಾಯಿ ಕಂಡು ಅದು ಒಂದೇ ಸಲ ಜಗ್ಗಿದರೆ ನಿಲ್ಲಿಸಿಕೊಳ್ಳುವ ಶಕ್ತಿ ಯಾರಿಗಿದೆಯೋ ಅವರ ಅಳತೆಗೆ ನಾಯಿ ಇರಬೇಕು. ಈ ಎಲ್ಲ ತಳಿಗಳಲ್ಲೂ ಹೆಣ್ಣು ಐದರಿಂದ ಹತ್ತು ಕೆಜಿ ಕಮ್ಮಿ ತೂಗುತ್ತದೆ. ಮೊದಲ ಸಲ ದೊಡ್ಡ ನಾಯಿ ಸಾಕುವ ಮನೆಗೆ ಹೆಣ್ಣು ಮರಿಯೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮರಿ ಎಂಟು ವಾರ ತಾಯಿ ಹತ್ತಿರವೇ ಇರಲಿ. ಮಾರುವವರು 30-35 ದಿನಕ್ಕೇ ಕೊಡಲು ತಯಾರಿರುತ್ತಾರೆ, ಒಪ್ಪಿಕೊಳ್ಳಬೇಡಿ. ಎಷ್ಟು ಬಿಗಿಯಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಬೇಗ ಬಿಡಿಸಿ ತಂದ ಮರಿಗೆ ಹಲ್ಲಿನ ಮೇಲೆ ಹಿಡಿತ ಬರುವುದು ಕಷ್ಟ. ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ಹೊಸಬರನ್ನು ಕಂಡು ಅದು ಮೂಲೆಗೆ ಸರಿದು ಗುರ್ ಅಂದರೆ ಆ ಮರಿಗಳನ್ನು ಬಿಟ್ಟುಬಿಡಿ. ಸೊಂಟದ ಕೀಲಿನ ತೊಂದರೆ ಈ ತಳಿಗಳಲ್ಲಿ ವಂಶದಿಂದ ಬರುತ್ತದೆ, ಹಾಗಾಗಿ ತಂದೆ ತಾಯಿಯ ಎಕ್ಸ್‌ರೇ ಇದೆಯಾ ಅಂತ ಕೇಳಿ.

ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ನೋಡಿದ್ದನ್ನೆಲ್ಲ ಮರಿ ‘ಇದು ಲೋಕದಲ್ಲಿ ಇರುವಂಥದ್ದು’ ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಕಂಡದ್ದನ್ನು ಮೊದಲು ಅನುಮಾನಿಸುತ್ತದೆ. ಲಸಿಕೆ ಮುಗಿಯದ ದಿನಗಳೂ ಇವೇ ಆದ್ದರಿಂದ ಜನ ಮರಿಯನ್ನು ಒಳಗೇ ಇಟ್ಟುಬಿಡುತ್ತಾರೆ. ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್‌ನ ಭಯ ನಿಜವಾದದ್ದೇ, ರಾಟ್‌ವೀಲರ್ ಮತ್ತು ಡಾಬರ್‌ಮನ್ ಮರಿಗಳಿಗೆ ಅದು ಜೋರಾಗಿಯೇ ಬಡಿಯುತ್ತದೆ. ಆದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಲು ಅಡ್ಡಿಯಿಲ್ಲ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಊರುಗೋಲಿನ ಅಜ್ಜ, ಬ್ಯಾಟು ಹಿಡಿದು ಓಡುವ ಹುಡುಗರು, ಗಣೇಶನ ಮೆರವಣಿಗೆಯ ತಮಟೆ, ಎಲ್ಲವನ್ನೂ ದೂರದಿಂದ ತೋರಿಸಿ, ಒಂದೊಂದಕ್ಕೂ ಬಾಯಿಗೆ ಒಂದು ಚೂರು ಬೇಯಿಸಿದ ಕೋಳಿ ಹಾಕಿ. ದಸರೆ, ದೀಪಾವಳಿಯ ಪಟಾಕಿಗೆ ನಾಯಿ ಗೋಡೆ ಹಾರಿ ಓಡುವುದು ಬಹುಪಾಲು ಈ ವಾರಗಳಲ್ಲಿ ಏನನ್ನೂ ಕೇಳಿಸದೆ ಬೆಳೆಸಿದ ಮನೆಗಳಲ್ಲಿ.

ಹಗ್ಗದ ಪಾಠ ಮರಿ 10 ಕೆಜಿ ಇರುವಾಗಲೇ ಆಗಬೇಕು. ನಾಲ್ಕು ತಿಂಗಳಿಗೆ ಅದು 20 ಕೆಜಿ ಹತ್ತಿರ ಬಂದಿರುತ್ತದೆ, ಆಗ ಜಗ್ಗುವ ಚಟ ಬಿಡಿಸುವುದು ಎರಡರಷ್ಟು ಕೆಲಸ. ದಿನಕ್ಕೆ ಮೂರು ಸಲ, ಒಂದೊಂದು ಸಲ ಐದೇ ನಿಮಿಷ. ಹಗ್ಗ ಬಿಗಿಯಾದ ಕ್ಷಣ ನಿಂತುಬಿಡಿ. ಎಳೆಯಬೇಡಿ, ಕೂಗಬೇಡಿ. ಸಡಿಲವಾದ ತಕ್ಷಣ ಮುಂದೆ ನಡೆಯಿರಿ. ಬಿಗಿದರೆ ದಾರಿ ಸಾಗುವುದಿಲ್ಲ ಅಂತ ಅದಕ್ಕೆ ತಾನಾಗಿ ತಿಳಿಯುತ್ತದೆ. ಇಲ್ಲಿ ಕೆಡುವುದು ಮನೆಯವರಿಂದಲೇ: ಅಮ್ಮ ನಿಲ್ಲುತ್ತಾರೆ, ಅಪ್ಪ ಅದು ಎಳೆದ ಕಡೆ ಹೋಗುತ್ತಾರೆ. ಕತ್ತು ಬಿಗಿಯುವ ಚೈನಿಗಿಂತ ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್ (ಎದೆ, ಬೆನ್ನಿಗೆ ತೊಡಿಸುವ ಪಟ್ಟಿ) ವಾಸಿ. ಜಗ್ಗಿದರೆ ನಾಯಿಯ ಮೈ ಪಕ್ಕಕ್ಕೆ ತಿರುಗುತ್ತದೆ, ಬಲವೆಲ್ಲ ಒಂದೇ ದಿಕ್ಕಿಗೆ ಬೀಳುವುದಿಲ್ಲ.

ಇನ್ನು ಗೇಟು. ಎಷ್ಟೋ ಅನಾಹುತಗಳು ಗೇಟಿನಲ್ಲೇ ಆಗುತ್ತವೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ 30-40 ಸೈಟಿನ ಮನೆಗಳ ಗೇಟಿಗೆ ಸಾಮಾನ್ಯವಾಗಿ ಮೇಲಿಂದ ಬೀಳುವ ಚಿಲಕ ಇರುತ್ತದೆ. ದೊಡ್ಡ ನಾಯಿ ಮುಂಗಾಲು ಎತ್ತಿ ನಿಂತರೆ ಮೂತಿ ಸರಿಯಾಗಿ ಅದರ ಕೆಳಗೇ ಬರುತ್ತದೆ, ಎರಡು ಸಲ ತಿವಿದರೆ ಚಿಲಕ ಮೇಲೇಳುತ್ತದೆ. ಅಡ್ಡ ಸರಿಯುವ ಬೋಲ್ಟು ಹಾಕಿಸಿ, ಬೋಲ್ಟಿನ ತೂತಿಗೆ ಪಿನ್ನು ಇರಲಿ. ಗೇಟಿನ ಸರಳುಗಳ ನಡುವೆ ಮೂತಿ ಹೊರಬರುವ ಹಾಗಿದ್ದರೆ ನಾಯಿಯ ಎತ್ತರದವರೆಗೆ ತಗಡು ಅಥವಾ ಜಾಲರಿ ಬಡಿಸಿ. ಇದು ದಾರಿಹೋಕ ಮಕ್ಕಳ ಕೈಗೂ ಕ್ಷೇಮ, ನಾಯಿಗೂ ಕ್ಷೇಮ. ಸರಳಿನಾಚೆ ಓಡಾಡುವ ಎಲ್ಲರಿಗೂ ದಿನವಿಡೀ ಬೊಗಳಿ ಬೊಗಳಿ, ‘ನಾನು ಬೊಗಳಿದ್ದಕ್ಕೇ ಅವರು ಹೋದರು’ ಅಂತ ಅದು ಕಲಿಯುತ್ತದೆ. ಗೇಟಿಗೂ ಮನೆ ಬಾಗಿಲಿಗೂ ನಡುವೆ ವರಾಂಡದಲ್ಲಿ ಇನ್ನೊಂದು ಗ್ರಿಲ್ ಬಾಗಿಲು ಇದ್ದರೆ ಅರ್ಧ ಚಿಂತೆ ಕಳೆಯಿತು. ಒಂದು ತೆರೆದಾಗ ಇನ್ನೊಂದು ಹಾಕಿರಬೇಕು.

ನೆಂಟರು ಬಂದಾಗ ನಾಯಿಗೆ ಒಂದು ಜಾಗ ಗೊತ್ತಿರಬೇಕು. ಹಾಲಿನ ಮೂಲೆಯಲ್ಲಿ ಮಡಿಸಿದ ಗೋಣಿಚೀಲ ಸಾಕು. ಮೊದಲ ವಾರ ಯಾರೂ ಬರದಿದ್ದಾಗ ಅದರ ಮೇಲೆ ಕೂರಿಸಿ ತಿನ್ನಲು ಕೊಡಿ. ಎರಡನೇ ವಾರ ಮನೆಯವರೇ ಹೊರಗೆ ಹೋಗಿ ಬೆಲ್ಲು ಒತ್ತಲಿ. ಮೂರನೇ ವಾರ ಪಕ್ಕದ ಮನೆಯವರನ್ನು ಕರೆಯಿರಿ. ಬೆಲ್ಲಿನ ಸದ್ದಿಗೇ ಗೋಣಿಚೀಲದ ಕಡೆ ಓಡುವ ಅಭ್ಯಾಸ ಬಂದ ಮೇಲೆ, ಬಂದವರು ಕೂತು ಹತ್ತು ನಿಮಿಷವಾದ ನಂತರ ಹಗ್ಗ ಹಾಕಿಯೇ ಪರಿಚಯ. ಮಗಳ ಗೆಳತಿಯರ ಹಿಂಡು ಕೂಗಾಡುತ್ತ ಒಳಗೆ ನುಗ್ಗುವ ದಿನ ಪಾಠ ನೆನಪಿಸುತ್ತ ಕೂರಬೇಡಿ, ನಾಯಿಯನ್ನು ಬೇರೆ ರೂಮಿಗೆ ಹಾಕಿ ಬಾಗಿಲು ಮುಚ್ಚಿ.

ಪುಟ್ಟ ಮಕ್ಕಳನ್ನು ಎಷ್ಟೇ ಸಾಧು ನಾಯಿಯ ಜೊತೆಗೂ ಒಂಟಿಯಾಗಿ ಬಿಡಬಾರದು, ನಿಮಿಷಕ್ಕೂ. ಗುರ್ ಅಂದಾಗ ಹೊಡೆಯಬೇಡಿ. ಗುರುಗುಟ್ಟುವುದು ‘ದೂರ ಇರು’ ಅನ್ನುವ ಎಚ್ಚರಿಕೆ; ಏಟು ತಿಂದು ಅದನ್ನು ನಿಲ್ಲಿಸಿದ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಎಂಟು ತಿಂಗಳಿಂದ ಒಂದೂವರೆ ವರ್ಷದವರೆಗೆ ಇವು ಕಲಿತದ್ದನ್ನೂ ಕೇಳಿಸಿಕೊಳ್ಳದ ಹಾಗೆ ಆಡುತ್ತವೆ. ‘ನಾಯಿ ಕೆಟ್ಟುಹೋಯಿತು’ ಅಂತ ಚೈನಿಗೆ ಕಟ್ಟಿಹಾಕುವುದು ಈ ವಯಸ್ಸಿನಲ್ಲೇ. ಆಗಲೇ ಪಾಠವನ್ನು ಮೊದಲಿನಿಂದ, ಅದೇ ತಾಳ್ಮೆಯಿಂದ ಮತ್ತೆ ಹಿಡಿಯಬೇಕು. ಹಗಲೆಲ್ಲ ಕಟ್ಟಿಹಾಕಿದ ನಾಯಿ ಬರಬರುತ್ತ ಹತ್ತಿರ ಬಂದವರ ಮೇಲೆಲ್ಲ ಎಗರುತ್ತದೆ.

ಊಟದ ವಿಷಯ. ಮಂಡ್ಯ ಕಡೆ ನಾಯಿಗೂ ಮುದ್ದೆಯೇ. ಮುದ್ದೆ ಸರಿ, ಸಾರು ಬೇಡ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಕೋಳಿ ಮೂಳೆಯೂ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ. 40 ಕೆಜಿ ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕು, 100 ಗ್ರಾಂ ರಾಗಿಹಿಟ್ಟಿನಿಂದ ಸಿಗುವುದು 330ರ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮಾಂಸ, ಮೊಟ್ಟೆಯಿಂದ ಬರಲಿ. ಬೆಳೆಯುವ ಮರಿಗೆ ಮಾತ್ರ ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಆಹಾರ ಮುಖ್ಯವಾಗಿರಲಿ. ಅದರ ಮೇಲೆ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ. ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಚಿಕ್ಕ ಮರಿಯ ಕರುಳಿಗೆ ಇರುವುದಿಲ್ಲ, ಮೂಳೆ ಸೊಟ್ಟಗಾಗುತ್ತದೆ. ದೊಡ್ಡ ನಾಯಿಗೆ ಊಟ ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಒಂದು ಗಂಟೆ ಓಡಿಸಬೇಡಿ. ಹೊಟ್ಟೆ ತಮಟೆಯಂತೆ ಉಬ್ಬಿ, ವಾಂತಿಗೆ ಓಕರಿಸಿದರೂ ಏನೂ ಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯಬಾರದು, ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕು.

ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆ ಏಳರೊಳಗೆ ವಾಕಿಂಗ್ ಮುಗಿಸಿ. ಮೂತಿ ಚಿಕ್ಕದಾದ ಬಾಕ್ಸರ್‌ಗಂತೂ ಸೆಕೆ ತಡೆಯುವುದಿಲ್ಲ. ತತ್ತರಿಸುತ್ತ ಏದುಸಿರು ಬಿಟ್ಟರೆ ಮೈಮೇಲೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಹಾಗೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಒದ್ದೆ ಚೀಲ ಹೊದಿಸಬೇಡಿ, ಶಾಖ ಒಳಗೇ ಉಳಿಯುತ್ತದೆ. ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ ನಮ್ಮ ಕಡೆ ವರ್ಷಪೂರ್ತಿ ಇದೆ: ಊಟ ಬಿಟ್ಟು, ವಸಡು ಬಿಳಿಚಿ, ಮೂಗಿನಲ್ಲಿ ರಕ್ತ ಬಂದರೆ ರಕ್ತಪರೀಕ್ಷೆ ತಡಮಾಡಬೇಡಿ. ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅಂದಾಜಿಗೆ ನೀರಿಗೆ ಬೆರೆಸಿ ನಾಯಿಗೆ ಹಾಕುವವರಿದ್ದಾರೆ. ಮೈ ನೆಕ್ಕಿಕೊಂಡ ನಾಯಿಗೆ ಅದೇ ವಿಷವಾಗುತ್ತದೆ.

ಕಬ್ಬಿನ ಗದ್ದೆ ಪಕ್ಕದ ತೋಟದ ಮನೆಯಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟಬೇಡಿ. ಚಿರತೆಗೆ ಕಟ್ಟಿದ ನಾಯಿ ಸುಲಭದ ಬೇಟೆ, 50 ಕೆಜಿ ಇದ್ದರೂ ಚೈನಿನಲ್ಲಿ ಅದೇನು ಮಾಡೀತು?

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ಬಗೆಯ ನಾಯಿಗಳ ಮೇಲೆ ನಿಷೇಧದ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಮಾತು ಕೇಳಿಲ್ಲ ಅಂತ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆದರೆ ನಿರ್ಲಕ್ಷ್ಯದಿಂದ ನಾಯಿ ಯಾರಿಗಾದರೂ ಅಪಾಯ ಮಾಡುವಂತಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ, ಕಾರ್ಡು ಕೈಗೆ ಸಿಗುವ ಕಡೆ ಇರಲಿ. ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಏನೂ ಮೆತ್ತದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ.