ಹೀಟರ್ ಹತ್ತದಿದ್ದರೆ ಮೊದಲು ಪಂಪಿನ ವೇಗ ನೋಡಿ

ಬೆಳಗಾವಿಯಲ್ಲಿ ಡಿಸೆಂಬರ್ ಥಂಡಿ ಶುರುವಾದರೆ ಈಜುಕೊಳ ನೋಡಿಕೊಳ್ಳುವವರ ದೂರು ಇದೇ: ಪಂಪ್ ತಿರುಗುತ್ತಿದೆ, ಹೀಟರ್ ಮಾತ್ರ ಹರಿವು ಇಲ್ಲವೆಂದು ಎರರ್ ತೋರಿಸುತ್ತಿದೆ. ವೇಗ ಬದಲಿಸುವ ಪಂಪ್ ಹೊಸದಾಗಿ ಕೂಡಿಸಿದ ಕಡೆ ಹೀಟರ್ ಬಿಚ್ಚುವ ಅವಸರ ಬೇಡ.

ವೇಗ ಅರ್ಧಕ್ಕಿಳಿದರೆ ಹರಿವೂ ಅರ್ಧ, ಒತ್ತಡ ಕಾಲು ಭಾಗ. ವಿದ್ಯುತ್ ಲೆಕ್ಕದಲ್ಲಿ ಎಂಟನೇ ಒಂದು ಭಾಗ. ಬಿಲ್ಲು ಇಳಿಯುವುದು ಇದರಿಂದಲೇ, ಹೀಟರಿನ ಪ್ರೆಶರ್ ಸ್ವಿಚ್ (ನೀರಿನ ಒತ್ತಡ ಸಾಕಷ್ಟಿದ್ದರೆ ಮಾತ್ರ ಹೀಟರ್ ಹತ್ತಲು ಬಿಡುವ ಸ್ವಿಚ್) ಕೂಡದಿರುವುದೂ ಇದರಿಂದಲೇ. 2,900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) 1 ಬಾರ್ ಒತ್ತಡ ತೋರಿಸುತ್ತಿದ್ದ ಗೇಜು 1,450ಕ್ಕೆ ಇಳಿಸಿದಾಗ ಕಾಲು ಬಾರ್ ಆಸುಪಾಸು ನಿಲ್ಲುತ್ತದೆ. ಸ್ವಿಚ್ಚಿಗೆ ತಂತಿ ಜೋಡಿಸಿ ಬೈಪಾಸ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ನೀರು ನಿಂತಾಗ ಗ್ಯಾಸ್ ಹೀಟರ್ ಉರಿದರೆ ಒಳಗಿನ ಕೊಳವೆಗಳೇ ಹಾಳಾಗುತ್ತವೆ.

ಸರಿಯಾದ ವೇಗ ಹುಡುಕಲು ಫಿಲ್ಟರ್ ಕೊಳೆಯಾಗಿರುವ ದಿನವನ್ನೇ ಆರಿಸಿ, ಬ್ಯಾಕ್‌ವಾಶ್‌ಗೆ (ನೀರು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆಯುವುದಕ್ಕೆ) ಮುಂಚೆ. ಅದೇ ಆರ್‌ಪಿಎಂನಲ್ಲಿ ಕೊಳೆ ಫಿಲ್ಟರ್ ಕಡಿಮೆ ನೀರು ಬಿಡುತ್ತದೆ. ತೊಳೆದ ದಿನ ಹೊಂದಿಸಿದ್ದು ಎರಡು ವಾರದಲ್ಲಿ ಕೈಕೊಡುತ್ತದೆ. ಹೀಟರ್ ಹಚ್ಚಿ, ವೇಗವನ್ನು 100 ಆರ್‌ಪಿಎಂನಂತೆ ಇಳಿಸುತ್ತ ಪ್ರತಿ ಸಲ ಎರಡು ನಿಮಿಷ ಕಾಯಿರಿ. ಹೀಟರ್ ಕಟ್ ಆದ ಅಂಕಿಗೆ 300 ಸೇರಿಸಿ. ಬಿಸಿ ಮಾಡುವಾಗಿನ ವೇಗ ಅದು. ಆ ವೇಗದಲ್ಲಿ ಹರಿವು ಹೀಟರಿನ ಕೈಪಿಡಿಯಲ್ಲಿರುವ ಕನಿಷ್ಠಕ್ಕಿಂತ ಕಡಿಮೆಯಾಗಕೂಡದು.

ಹೊರಬರುವ ಪೈಪು ಕೈಗೆ ಬೆಚ್ಚಗೆ ಹತ್ತಿತೆಂದು ಸಂತೋಷಪಡಬೇಡಿ. 20 ಕಿಲೋವಾಟ್ ಶಾಖ ಕೊಡುವ ಹೀಟ್ ಪಂಪಿನಲ್ಲಿ (ಗಾಳಿಯ ಶಾಖ ಎಳೆದು ನೀರಿಗೆ ಕೊಡುವ ಹೀಟರ್) ನಿಮಿಷಕ್ಕೆ 100 ಲೀಟರ್ ಹರಿದರೆ ಒಳಹೊರಗಿನ ವ್ಯತ್ಯಾಸ ಸುಮಾರು 3 ಡಿಗ್ರಿ. 50 ಲೀಟರಿಗೆ 6. ಪೈಪು ಹೆಚ್ಚು ಬಿಸಿ ಎಂದರೆ ನೀರು ಕಡಿಮೆ ಎಂದರ್ಥ. ಎರಡೂ ಕಡೆ ಥರ್ಮಾಮೀಟರ್ ಕೂಡಿಸಿ. 50,000 ಲೀಟರ್ ಕೊಳ 1 ಡಿಗ್ರಿ ಏರಲು 58 ಯೂನಿಟ್ ಶಾಖ ಬೇಕು, ಅಂದರೆ ಇದೇ ಯಂತ್ರಕ್ಕೆ ಮೂರು ತಾಸು.

ಹೀಟರಿನಲ್ಲಿ ಪಂಪ್ ಕರೆಯುವ ರಿಲೇ (ಬಿಸಿ ಮಾಡುವ ವೇಗಕ್ಕೆ ಬಾ ಎಂದು ಪಂಪಿಗೆ ಸೂಚನೆ ಕೊಡುವ ಸ್ವಿಚ್) ಇದ್ದರೆ ಅದನ್ನು ಪಂಪಿನ ಹೊರಗಿನ ಕಂಟ್ರೋಲ್ ಟರ್ಮಿನಲ್‌ಗೆ ಕೊಡಿ; ಆ ಟರ್ಮಿನಲ್ ಬರೀ ಕಾಂಟ್ಯಾಕ್ಟ್ (ಹೊರಗಿನ ವೋಲ್ಟೇಜ್ ಇಲ್ಲದೆ ಎರಡು ತಂತಿ ಕೂಡುವುದಷ್ಟೇ) ಕೇಳುವಂಥದ್ದಾದರೆ 230 ವೋಲ್ಟ್ ಕೊಟ್ಟೊಡನೆ ಬೋರ್ಡು ಸುಡುತ್ತದೆ. ರಿಲೇ ಇಲ್ಲದಿದ್ದರೆ ಪಂಪನ್ನು ಬಿಸಿ ಮಾಡುವ ವೇಗದಲ್ಲಿ ಓಡಿಸಲು ಟೈಮರ್ ಸಾಕು: ಮುಂಜಾನೆ 11ರಿಂದ ಸಂಜೆ 4. ಆಗ ಗಾಳಿಯೇ ಬೆಚ್ಚಗಿರುವುದರಿಂದ ಹೀಟ್ ಪಂಪ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುತ್ತದೆ. ಹೀಟರ್ ನಿಂತ ಮೇಲೆ ಐದು ನಿಮಿಷ ಪಂಪ್ ಓಡಲಿ, ರಾತ್ರಿ ಕೊಳಕ್ಕೆ ಹೊದಿಕೆ ಇರಲಿ.

ಸವಳು ಬೋರ್ ನೀರು ತುಂಬುವವರು ಪಿಎಚ್ 7.2ರಿಂದ 7.6ರೊಳಗೆ ಹಿಡಿಯಿರಿ. ಪಿಎಚ್ ಏರಿ ಹೀಟರ್ ಕೊಳವೆಯಲ್ಲಿ ಸುಣ್ಣ ಕಟ್ಟಿದರೆ ಹಳೆಯ ಆರ್‌ಪಿಎಂ ಸಾಲದೇ ಹೋಗುತ್ತದೆ, ಮತ್ತೆ ಅದೇ ಎರರ್.