ಗೋಡೆ ಬಿದ್ದ ಸುದ್ದಿಯಿಂದ ಸಾಹಿತ್ಯ ಪ್ರಕಾರಗಳವರೆಗೆ

ಎಂಟನೇ ತರಗತಿವರೆಗೆ ನಮಗೆ ಕನ್ನಡ ಪುಸ್ತಕ ಅಂದರೆ ಎರಡೇ ಭಾಗ. ಗದ್ಯ, ಪದ್ಯ. ಪದ್ಯ ಬಾಯಿಪಾಠಕ್ಕೆ, ಗದ್ಯ ಪ್ರಶ್ನೋತ್ತರಕ್ಕೆ. ನಾಟಕವೊಂದು ಪಾಠವಾಗಿ ಬಂದರೂ ಅದು ಗದ್ಯ ಭಾಗದಲ್ಲೇ ಕೂತಿರುತ್ತಿತ್ತು. ಹಾಗಾಗಿ ಅದನ್ನೂ ಒಬ್ಬರೇ ಎದ್ದು ನಿಂತು ಪೂರ್ತಿ ಓದುತ್ತಿದ್ದೆವು, ರಾಜ, ಮಂತ್ರಿ ಅನ್ನುವ ಹೆಸರುಗಳನ್ನೂ ಸೇರಿಸಿ. ಕಂಸದೊಳಗಿನ 'ಸಿಟ್ಟಿನಿಂದ' ಎಂಬ ಮಾತನ್ನು ಸ್ವಲ್ಪವೂ ಸಿಟ್ಟಿಲ್ಲದೆ ಓದಿ ಮುಂದೆ ಹೋಗುತ್ತಿದ್ದೆವು.

ಒಂಬತ್ತನೇ ತರಗತಿಗೆ ಬಂದ ಕನ್ನಡ ಮೇಷ್ಟ್ರು 'ಸಾಹಿತ್ಯ ಪ್ರಕಾರಗಳು' ಅಂತ ಬೋರ್ಡಿನ ಮೇಲೆ ಬರೆದಾಗ ನಾವೆಲ್ಲ ನೋಟ್ಸ್ ತೆಗೆದುಕೊಳ್ಳಲು ಸಿದ್ಧರಾದೆವು. ಗೈಡಿನಲ್ಲಿ ಎರಡೆರಡು ಸಾಲಿನ ವ್ಯಾಖ್ಯೆಗಳಿದ್ದವು: ಸಣ್ಣಕಥೆ ಎಂದರೆ ಇದು, ಕಾದಂಬರಿ ಎಂದರೆ ಇದು. ಮೇಷ್ಟ್ರು ವ್ಯಾಖ್ಯೆ ಕೊಡಲಿಲ್ಲ. ಅದರ ಕೆಳಗೆ ಒಂದೇ ಒಂದು ವಾಕ್ಯ ಬರೆದರು: 'ರಾತ್ರಿಯ ಮಳೆಗೆ ಮೈದಾನದ ಗೋಡೆ ಬಿದ್ದಿದೆ.' ನಮ್ಮನ್ನು ಗುಂಪುಗಳಾಗಿ ಮಾಡಿ ಒಬ್ಬರಿಗೆ ನಾಟಕ, ಒಬ್ಬರಿಗೆ ಕವಿತೆ, ಒಬ್ಬರಿಗೆ ಸಣ್ಣಕಥೆ, ಒಬ್ಬರಿಗೆ ಪತ್ರ, ಒಬ್ಬರಿಗೆ ಪ್ರಬಂಧ ಅಂತ ಹಂಚಿದರು. ಸುದ್ದಿ ಎಲ್ಲರಿಗೂ ಒಂದೇ.

ನಾನು ನಾಟಕದ ಗುಂಪಿನಲ್ಲಿದ್ದೆ. ನಾವು ಉತ್ಸಾಹದಿಂದ ಶುರು ಮಾಡಿದ್ದು ಹೀಗೆ: 'ಗೋಡೆ ಬಿದ್ದದ್ದನ್ನು ನೋಡಿ ಕಾವಲುಗಾರನಿಗೆ ತನ್ನ ಕೆಲಸ ಹೋಗುತ್ತದೆ ಎಂಬ ಭಯವಾಯಿತು.' ಮೇಷ್ಟ್ರು ಓದಿ, 'ಭಯವಾಯಿತು ಅಂತ ಪ್ರೇಕ್ಷಕನಿಗೆ ಯಾರು ಹೇಳ್ತಾರೆ?' ಅಂದರು. ಯಾರೂ ಹೇಳುವುದಿಲ್ಲ, ಅಲ್ವಾ? ಹಾಗಾದರೆ ಕಾವಲುಗಾರ ಏನಾದರೂ ಮಾಡಬೇಕು, ಇಲ್ಲ ಮಾತಾಡಬೇಕು. ನಾವು ಅವನ ಕೈಗೆ ಒಂದು ಇಟ್ಟಿಗೆ ಕೊಟ್ಟೆವು. ಹೆಡ್‌ಮಾಸ್ಟರು ಬರುವ ಸದ್ದು ಕೇಳಿ ಅವನು ಅದನ್ನು ಮತ್ತೆ ಗೋಡೆಯ ಮೇಲೆ ಕೂರಿಸಲು ನೋಡುತ್ತಾನೆ. ಅಷ್ಟೇ. ಭಯ ಅನ್ನುವ ಮಾತೇ ಬೇಕಾಗಲಿಲ್ಲ. ಇನ್ನು ಗೋಡೆಯನ್ನು ರಂಗದ ಮೇಲೆ ಬೀಳಿಸುವುದು ಹೇಗೆ ಎಂಬ ಜಗಳ. ಕೊನೆಗೆ ಪರದೆಯ ಹಿಂದೆ ಡೆಸ್ಕ್ ಬಡಿದು ಸದ್ದು ಮಾಡುವುದು ಅಂತಾಯಿತು.

ಕಥೆಯ ಗುಂಪಿನವರಿಗೆ ಈ ತೊಂದರೆ ಇರಲಿಲ್ಲ. ಅವರು ಕಾವಲುಗಾರನ ತಲೆಯೊಳಗೇ ಹೋಗಿ ಕೂರಬಹುದಿತ್ತು. ಅವರ ಕಷ್ಟ ಬೇರೆ. ಗೋಡೆ ಕಟ್ಟಿದ ದಿನದಿಂದ ಶುರು ಮಾಡಿ, ಕಾವಲುಗಾರನ ಮದುವೆ, ಅವನ ಮಕ್ಕಳು ಅಂತ ಹೋಗಿ ಗೋಡೆ ಬೀಳುವ ಹೊತ್ತಿಗೆ ಹಾಳೆ ಮುಗಿದಿತ್ತು. 'ಇದು ಕಾದಂಬರಿಯ ಆಸೆ' ಅಂತ ಮೇಷ್ಟ್ರು ನಕ್ಕರು. 'ನಿಮ್ಮ ಕಥೆ ಬೆಳಗ್ಗೆ ಅವನು ಬೀಗ ತೆಗೆಯುವಾಗ ಶುರುವಾಗಲಿ. ಮದುವೆ ಬೇಡ.' ಸಣ್ಣಕಥೆಗೂ ಕಾದಂಬರಿಗೂ ಇರುವ ವ್ಯತ್ಯಾಸವನ್ನು ಪುಟ ಎಣಿಸಿ ಹೇಳುವುದು ಸುಮ್ನೆ ದಂಡ ಅಂತ ನನಗೆ ಗೊತ್ತಾದದ್ದು ಅವತ್ತೇ. ಏನನ್ನು ಬಿಡಬೇಕು ಅನ್ನುವುದರಲ್ಲಿ ಅದು ಇದೆ.

ಪತ್ರದ ಗುಂಪು ಬೇಗ ಮುಗಿಸಿತು. ಪ್ರಬಂಧದವರು ಪರೀಕ್ಷೆಯ ಅಭ್ಯಾಸದಂತೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿ 'ಗೋಡೆಗಳ ಉಪಯೋಗಗಳು' ಬರೆದು ತಂದರು. ಲಲಿತ ಪ್ರಬಂಧ ಅಂತ ಒಂದಿದೆ, ಅದು ಹರಟೆಯ ಹಾಗೆ ಎಲ್ಲೆಲ್ಲೋ ಸುತ್ತಾಡಬಹುದು ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಸುತ್ತಾಡಿದರೆ ಅಂಕ ಕೊಡ್ತಾರಾ?

ಜಾಸ್ತಿ ಹೊತ್ತು ಹಿಡಿದದ್ದು ಕವಿತೆ. ಆ ಗುಂಪು ಬುದ್ಧಿವಂತಿಕೆಯಿಂದ ವಾಕ್ಯವನ್ನೇ ಮುರಿದು ಒಂದರ ಕೆಳಗೆ ಒಂದು ಬರೆದಿತ್ತು. 'ರಾತ್ರಿಯ ಮಳೆಗೆ / ಮೈದಾನದ / ಗೋಡೆ / ಬಿದ್ದಿದೆ.' ಮೇಷ್ಟ್ರು ಹಾಳೆಯನ್ನು ಯಾರಿಗೂ ತೋರಿಸದೆ ಗಟ್ಟಿಯಾಗಿ ಓದಿ, 'ಇದು ಕವಿತೆಯೋ ವರದಿಯೋ?' ಅಂತ ಕೇಳಿದರು. ಎಲ್ಲರೂ ವರದಿ ಅಂದರು. ಆಮೇಲೆ ಕುಮಾರವ್ಯಾಸನ ಮೊದಲ ಪದ್ಯ ಬರೆದರು: 'ಶ್ರೀವನಿತೆಯರಸನೆ ವಿಮಲ ರಾ'. ಅಲ್ಲಿಗೆ ಸಾಲು ನಿಂತಿತು. ಮುಂದಿನ ಸಾಲು 'ಜೀವ ಪೀಠನ ಪಿತನೆ' ಅಂತ ಶುರು. 'ರಾಜೀವ' ಎಂಬ ಪದವನ್ನು ನಡುವೆ ಹೀಗೆ ಕತ್ತರಿಸಿದ್ದು ಯಾಕೆ ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮೇಷ್ಟ್ರು ಸೀಮೆಸುಣ್ಣದಿಂದ ಗಣ, ಅಂದರೆ ಲಯದ ತುಂಡುಗಳನ್ನು ಬೇರೆ ಮಾಡಿದರು. ಶ್ರೀವ, ನಿತೆಯರ, ಸನೆವಿ, ಮಲರಾ. ಮಾತ್ರೆ, ಅಂದರೆ ಉಚ್ಚರಿಸಲು ಹಿಡಿಯುವ ಕಾಲದ ಲೆಕ್ಕ, 3, 4, 3, 4. ಮೇಜಿನ ಮೇಲೆ 'ತಕಿಟ ತಕಧಿಮಿ' ಬಡಿಯುತ್ತ ಓದಿಸಿದರು. ಮೂರು ಸಲ ಓದುವಷ್ಟರಲ್ಲಿ ಕತ್ತರಿಸಿದ ಜಾಗ ಮಾಯವಾಗಿತ್ತು. ಕಣ್ಣಿಗೆ ತುಂಡು, ಕಿವಿಗೆ ಇಡೀ ಪದ. ಈ ಪದ್ಯದ ಛಂದಸ್ಸಾದ, ಆರು ಸಾಲಿನ ಭಾಮಿನಿ ಷಟ್ಪದಿಯ 3ನೇ ಮತ್ತು 6ನೇ ಸಾಲು ಯಾಕೆ ಉದ್ದ, ಕೊನೆಯಲ್ಲಿ ಗುರು, ಅಂದರೆ ಎರಡು ಮಾತ್ರೆಯ ಅಕ್ಷರ ಯಾಕೆ ಅಂತ ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ. ಉಸಿರು ನಿಲ್ಲುವುದೇ ಅಲ್ಲಿ.

ಹಾಗಾದರೆ ವಚನ? ಅದರಲ್ಲಿ ಇಂಥ ಮಾತ್ರೆಗಳ ಲೆಕ್ಕ ಇಲ್ಲ. ಗದ್ಯ ಅಂತ ಅರ್ಧ ಜನ, ಪದ್ಯ ಅಂತ ಉಳಿದವರು. ಪುಸ್ತಕದಲ್ಲಿ ಸಾಲು ಸಾಲಾಗಿ ಅಚ್ಚಾಗಿದೆಯಲ್ಲ, ಹಾಗಾಗಿ ಪದ್ಯ ಅನ್ನುವುದು ನಮ್ಮ ವಾದ. ಮೇಷ್ಟ್ರು ಆ ವಾದವನ್ನು ಒಂದೇ ಮಾತಿನಲ್ಲಿ ಕೆಡವಿದರು. ತಾಳೆಗರಿಯಲ್ಲಿ ಜಾಗ ಉಳಿಸಲು ಎಡೆಬಿಡದೆ ಬರೆಯುತ್ತಿದ್ದರು, ನಾವು ನೋಡುವ ಸಾಲುಗಳು ಅಚ್ಚು ಹಾಕಿಸಿದ ಸಂಪಾದಕರು ಮುರಿದದ್ದು. ಮತ್ತೆ ಅದೇ ಪರೀಕ್ಷೆ: ಕಣ್ಣು ಮುಚ್ಚಿ ಕೇಳಿ. ಮಾತು ಮರುಕಳಿಸುತ್ತದೆ, ಒಂದು ಸಾಲು ಇನ್ನೊಂದಕ್ಕೆ ಜೋಡಿಯಾಗಿ ಬರುತ್ತದೆ, ಕೊನೆಗೆ ಅಂಕಿತ. ಗದ್ಯವೋ ಪದ್ಯವೋ ಎಂಬ ತೀರ್ಪು ಮಾತ್ರ ಅವರು ಕೊಡಲಿಲ್ಲ. ಈ ಜಗಳ ಹಳೆಯದು ಅಂತ ಹೇಳಿ, ಗದ್ಯ ಪದ್ಯ ಎರಡನ್ನೂ ಬೆರೆಸಿ ಚಂಪೂ ಬರೆದ ಪಂಪನಿಂದ ಹಿಡಿದು, 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' (ಪದ್ಯ ಕೊಲ್ಲತಕ್ಕದ್ದು, ಗದ್ಯ ಮನಸ್ಸಿಗೆ ಹಿತ) ಎಂದು ತನ್ನ ಕಾವ್ಯದಲ್ಲಿ ಹೆಂಡತಿ ಮನೋರಮೆಯ ಬಾಯಲ್ಲಿ ಹೇಳಿಸಿದ ಮುದ್ದಣನವರೆಗೆ ಕಥೆ ಹೇಳಿದರು. ಬೆಲ್ ಹೊಡೆದದ್ದು ಅವರಿಗೇ ಕೇಳಿಸಿರಲಿಲ್ಲ.

ಅವರಲ್ಲಿ ನನಗೊಂದು ತಕರಾರೂ ಇದೆ. ಕಾದಂಬರಿಯ ಬಗ್ಗೆ ಒಂದು ಪೀರಿಯಡ್ಡೂ ಪೂರ್ತಿ ಹೇಳಲಿಲ್ಲ. 1899ರ 'ಇಂದಿರಾಬಾಯಿ'ಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನುತ್ತಾರೆ ಅಂತ ಹೇಳಿ ಮುಗಿಸಿಬಿಟ್ಟರು. ಪಠ್ಯದಲ್ಲಿ ಕಾದಂಬರಿಯ ಒಂದು ತುಣುಕು ಓದಿದ ಮಕ್ಕಳು ಕಾದಂಬರಿ ಓದಿದೆವು ಅಂದುಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಒಂದನ್ನಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲರೂ ಒಟ್ಟಿಗೆ ಓದಬೇಕು. ಸಣ್ಣದಾದರೂ ಸರಿ.

ಈಗ ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಯಾವ ಪುಸ್ತಕ ಯಾವ ಕಪಾಟಿಗೆ ಅನ್ನುವುದೇ ದಿನದ ಕೆಲಸ. 1876ರಲ್ಲಿ ಶುರುವಾದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಅಂಕಿ 894.814. ಅದರ ಮುಂದೆ 1 ಸೇರಿಸಿದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ, 4 ಪ್ರಬಂಧ, 6 ಪತ್ರಗಳು. ಹೈಸ್ಕೂಲ್ ಮಕ್ಕಳು ಬಂದು ಎಲ್ಲದಕ್ಕೂ 'ಕಥೆ ಪುಸ್ತಕ' ಅನ್ನುತ್ತಾರೆ. ಒಬ್ಬಳು ಆತ್ಮಕಥೆ ಒಂದು, ಕಾದಂಬರಿ ಒಂದು ಹಿಡಿದು ಬಂದು, ಎರಡರಲ್ಲೂ 'ನಾನು' ಅಂತಲೇ ಇದೆ, ಎರಡೂ ಬೇರೆ ಬೇರೆ ಕಡೆ ಯಾಕಿಟ್ಟಿದ್ದೀರಿ ಅಂದಳು. ಒಳ್ಳೆಯ ಪ್ರಶ್ನೆ. ಆತ್ಮಕಥೆಯ 'ನಾನು' ಸುಳ್ಳು ಹೇಳಿದರೆ ನಿನಗೆ ಸಿಟ್ಟು ಬರುತ್ತದೆ, ಕಾದಂಬರಿಯ 'ನಾನು' ಸುಳ್ಳು ಹೇಳಿದರೆ ಖುಷಿಯಾಗಬಹುದು, ಓದಿ ನೋಡಿ ಹೇಳು ಅಂದೆ. ಎರಡನ್ನೂ ತೆಗೆದುಕೊಂಡು ಹೋದಳು.

ಮೇಷ್ಟ್ರು ನಿವೃತ್ತರಾದ ಮೇಲೆ ಆಗಾಗ ಬರುತ್ತಾರೆ. ವಚನಗಳನ್ನು 1ರಲ್ಲಿ, ಅಂದರೆ ಕಾವ್ಯದಲ್ಲಿ ಇಟ್ಟಿದ್ದನ್ನು ನೋಡಿ ಏನೂ ಅನ್ನಲಿಲ್ಲ. ಅವರಿಗೆ ಸಿಟ್ಟು ಬಂದದ್ದು 7ರ ಮೇಲೆ. ಅದು ಹಾಸ್ಯಕ್ಕೆ ಮೀಸಲು. 'ಹಾಸ್ಯಕ್ಕೆ ಬೇರೆ ಅಂಕಿ ಯಾಕಯ್ಯಾ? ನಾಟಕದಲ್ಲಿ ಹಾಸ್ಯ ಇಲ್ವಾ, ಪ್ರಬಂಧದಲ್ಲಿ ಇಲ್ವಾ?' ಅಂತ ಕೌಂಟರಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ಪದ್ಧತಿ ಮಾಡಿದವನು ನಾನಲ್ಲ ಸಾರ್ ಅಂದೆ. ಪುಸ್ತಕ ಇಟ್ಟವನು ನೀನೇ ತಾನೆ ಅಂದರು.